ಕುಡಿಯುವ ನೀರಿನ ಕೆರೆಯ ಪಾಚಿಗೆ ಬೆಳ್ಳಿ ಗೆಂಡೆ: ಲೆಕ್ಕ ಮರಿಗಳದ್ದಲ್ಲ, ತೂಕದ್ದು

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಕಡೆಯಲ್ಲಿ ಕೃಷ್ಣೆಯ ಕಾಲುವೆ ನೀರಿನಿಂದ ಕೆರೆ ತುಂಬಿಸಿಕೊಂಡು, ಮುಂದಿನ ಬೇಸಿಗೆಯವರೆಗೆ ಅದನ್ನೇ ಕುಡಿಯುವ ಊರುಗಳು ಅನೇಕ. ತುಂಬುವಾಗ ಆ ನೀರು ಮಣ್ಣಿನ ಕದಡಿನಿಂದ ಕಂದಾಗಿರುತ್ತದೆ. ದೀಪಾವಳಿಯ ಹೊತ್ತಿಗೆ ಮಣ್ಣು ತಳ ಸೇರಿ ತಿಳಿಯಾಗುತ್ತದೆ. ಶಿವರಾತ್ರಿ ದಾಟಿ ಬಿಸಿಲು ಬಲಿತಂತೆ ಅದೇ ತಿಳಿನೀರು ಹಸಿರಿಗೆ ತಿರುಗಿ, ಗಾಳಿ ಬೀಸಿದ ಕಡೆಯ ದಂಡೆಗೆ ಬಣ್ಣದ ಡಬ್ಬಿ ಚೆಲ್ಲಿದಂತೆ ಕೆನೆ ಕಟ್ಟುತ್ತದೆ. ಶುದ್ಧೀಕರಣ ಘಟಕದ ಮರಳು ಸೋಸುಗ ದಿನ ಬಿಟ್ಟು ದಿನ ಕಟ್ಟಿಕೊಳ್ಳುತ್ತದೆ, ನಳದ ನೀರು ಹಸಿಮಣ್ಣಿನ ವಾಸನೆ ಬೀರುತ್ತದೆ, ನೀರುಗಂಟಿ ಬೈಗುಳ ತಿನ್ನುತ್ತಾನೆ. ಇಂಥ ಕೆರೆಗೆ ಪಾಚಿ ತಿನ್ನುವ ಬೆಳ್ಳಿ ಗೆಂಡೆ, ಅಂದರೆ ಸಿಲ್ವರ್ ಕಾರ್ಪ್ ಮೀನು ಬಿಡಬೇಕೆಂಬ ಸಲಹೆ ಪಂಚಾಯಿತಿ ಸಭೆಗಳಲ್ಲಿ ಆಗಾಗ ಬರುತ್ತದೆ. ಸಲಹೆ ತಪ್ಪಲ್ಲ, ಆದರೆ ಅದನ್ನು ನಡೆಸುವ ರೀತಿ ಬಹುತೇಕ ತಪ್ಪಿರುತ್ತದೆ. ಮೀನು ಸಾಕುವವರು ಹೆಕ್ಟೇರಿಗೆ ಎಷ್ಟು ಸಾವಿರ ಮರಿ ಎಂದು ಲೆಕ್ಕ ಹಾಕುತ್ತಾರೆ. ಪಾಚಿ ತಗ್ಗಿಸಬೇಕಾದವರು ಘನ ಮೀಟರ್ ನೀರಿಗೆ ಎಷ್ಟು ಗ್ರಾಂ ಮೀನು ಇದೆ ಎಂದು ನೋಡಬೇಕು. ಈ ಬರಹದ ಮುಖ್ಯ ವಿಷಯ ಇದೇ.

ಮೊದಲು ಯಾವ ಪಾಚಿ ಎಂದು ತಿಳಿಯಿರಿ

ಪಾಚಿಗಳೆಲ್ಲ ಒಂದೇ ಅಲ್ಲ. ಕಲ್ಲಿಗೆ, ಮೆಟ್ಟಿಲಿಗೆ ಅಂಟಿ ಕೂದಲಿನಂತೆ ಎಳೆಎಳೆಯಾಗಿ ಬೆಳೆಯುವ ಪಾಚಿಗೆ ಈ ಬರಹದಲ್ಲಿ ಹೇಳುವ ಮೀನು ಏನೂ ಮಾಡಲಾರದು. ಅದನ್ನು ಕೊಕ್ಕೆಕೋಲು ಹಾಕಿ ಎಳೆದು ತೆಗೆಯುವುದೇ ಸರಿ. ನೀರಿನಲ್ಲಿ ತೇಲಾಡುವ ಸೂಕ್ಷ್ಮ ಪಾಚಿಯಲ್ಲೂ ಎರಡು ಬಗೆಗಳನ್ನು ಬೇರ್ಪಡಿಸಿಕೊಳ್ಳಬೇಕು. ಅದಕ್ಕೆ ಪ್ರಯೋಗಾಲಯಕ್ಕೆ ಓಡುವ ಮುನ್ನ ಒಂದು ಗಾಜಿನ ಬಾಟಲಿ ಸಾಕು. ಕೆನೆಯನ್ನು ಬಿಟ್ಟು, ಮೊಣಕೈ ಮುಳುಗುವಷ್ಟು ಆಳದಿಂದ ಬಾಟಲಿಯ ಮುಕ್ಕಾಲು ಭಾಗ ನೀರು ತುಂಬಿ, ಮುಚ್ಚಳ ಹಾಕಿ, ನೆರಳಿನಲ್ಲಿ ಅಲುಗಾಡಿಸದೆ ಒಂದು ರಾತ್ರಿ ಇಡಿ. ಕೈಗೆ ರಬ್ಬರ್ ಗವಸು ಇರಲಿ, ಏಕೆಂದರೆ ಕೆಲವು ಪಾಚಿಗಳು ಚರ್ಮಕ್ಕೆ ತುರಿಕೆ ತರುತ್ತವೆ. ಬೆಳಿಗ್ಗೆ ಹಸಿರು ತಳಕ್ಕೆ ಇಳಿದಿದ್ದರೆ ಅದು ಸಾಮಾನ್ಯ ಹಸಿರು ಪಾಚಿ ಅಥವಾ ಡಯಾಟಂ ಎಂಬ ಸೂಕ್ಷ್ಮ ಪಾಚಿ ಆಗಿರುವ ಸಂಭವ ಹೆಚ್ಚು. ಹಸಿರೆಲ್ಲ ಮೇಲೇರಿ ಬಾಟಲಿಯ ಕುತ್ತಿಗೆಯಲ್ಲಿ ಉಂಗುರ ಕಟ್ಟಿ ನಿಂತು, ಕೆಳಗಿನ ನೀರು ತಿಳಿಯಾಗಿದ್ದರೆ ಅದು ಬಹುಮಟ್ಟಿಗೆ ನೀಲಿಹಸಿರು ಪಾಚಿ. ಇದರ ಕೋಶಗಳೊಳಗೆ ಸಣ್ಣ ಗಾಳಿಗೂಡುಗಳಿರುವುದರಿಂದ ಅದು ತೇಲುತ್ತದೆ. ಹತ್ತಿರದ ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ ಒಂದು ಹನಿ ನೋಡಿದರೆ ಖಚಿತವಾಗುತ್ತದೆ. ಲೋಳೆಯೊಳಗೆ ನೂರಾರು ಸಣ್ಣ ಕಾಳುಗಳು ಗುಂಪುಗೂಡಿ ಅಂಕುಡೊಂಕಾದ ಮುದ್ದೆಯಂತೆ ಕಂಡರೆ ಅದು ಮೈಕ್ರೋಸಿಸ್ಟಿಸ್. ನಿಂತ ನೀರಿನ ಬೇಸಿಗೆಯ ಕೆನೆಯಲ್ಲಿ ಹೆಚ್ಚಾಗಿ ಸಿಗುವುದು ಇದೇ; ಇದರ ಕೆಲವು ತಳಿಗಳು ಯಕೃತ್ತಿಗೆ ಹಾನಿ ಮಾಡುವ ಮೈಕ್ರೋಸಿಸ್ಟಿನ್ ಎಂಬ ವಿಷವನ್ನೂ ಉತ್ಪಾದಿಸುತ್ತವೆ. ನೀರು ಕುದಿಸಿದರೆ ಆ ವಿಷ ಹೋಗುವುದಿಲ್ಲ ಎಂಬುದನ್ನು ಊರಿನವರಿಗೆ ಸ್ಪಷ್ಟವಾಗಿ ಹೇಳಬೇಕು. ದೀರ್ಘಕಾಲ ಕುಡಿಯುವ ನೀರಿನಲ್ಲಿ ಮೈಕ್ರೋಸಿಸ್ಟಿನ್ ಲೀಟರಿಗೆ 1 ಮೈಕ್ರೋಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ.

ಕೆನೆ ಈಗಾಗಲೇ ದಪ್ಪ ಕಟ್ಟಿದ್ದರೆ ಮೀನಿನ ಯೋಚನೆ ಬಿಟ್ಟು, ಮೊದಲು ಆ ಕೆರೆಯ ನೀರನ್ನು ನಳಕ್ಕೆ ಬಿಡುವುದನ್ನು ನಿಲ್ಲಿಸಿ ಬೇರೆ ಮೂಲದ ವ್ಯವಸ್ಥೆ ಮಾಡಬೇಕು. ಮೀನಿನ ಕೆಲಸ ತಿಂಗಳುಗಟ್ಟಲೆ ಹಿಡಿಯುತ್ತದೆ. ಅದು ತುರ್ತಿನ ಔಷಧವಲ್ಲ.

ಬೆಳ್ಳಿ ಗೆಂಡೆಯೇ ಏಕೆ

ಸತ್ತ ಒಂದು ಬೆಳ್ಳಿ ಗೆಂಡೆಯ ಕಿವಿರಿನ ಮುಚ್ಚಳ ಎತ್ತಿ ಒಳಗೆ ಬೆರಳಾಡಿಸಿ ನೋಡಿ. ಕಟ್ಲಾ ಮೀನಿನಲ್ಲಿ ಬಾಚಣಿಗೆಯ ಹಲ್ಲುಗಳಂತೆ ಬಿಡಿಬಿಡಿಯಾಗಿರುವ ಎಲುಬಿನ ಕಡ್ಡಿಗಳು ಇಲ್ಲಿ ಒಂದಕ್ಕೊಂದು ಬೆಸೆದು, ಪಾತ್ರೆ ತಿಕ್ಕುವ ಸ್ಪಂಜಿನಂತಹ ತಟ್ಟೆಯಾಗಿರುತ್ತವೆ. ಮೀನು ಬಾಯಿ ತೆರೆದು ನೀರನ್ನು ಒಳಗೆ ತೆಗೆದುಕೊಂಡು ಕಿವಿರಿನಿಂದ ಹೊರಬಿಡುವಾಗ, ಸುಮಾರು 10 ಮೈಕ್ರಾನ್‌ಗಿಂತ, ಅಂದರೆ ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತ, ದೊಡ್ಡ ಕಣಗಳು ಈ ಸ್ಪಂಜಿನಲ್ಲಿ ಸಿಕ್ಕಿಕೊಳ್ಳುತ್ತವೆ. ಮೈಕ್ರೋಸಿಸ್ಟಿಸ್‌ನ ಒಂಟಿ ಕೋಶ ಇದಕ್ಕಿಂತ ಸಣ್ಣದು, ತಪ್ಪಿಸಿಕೊಳ್ಳುತ್ತದೆ. ಆದರೆ ಅದರ ಮುದ್ದೆ ತಪ್ಪಿಸಿಕೊಳ್ಳಲಾರದು. ಕಟ್ಲಾ ಕೂಡ ಮೇಲ್ಪದರದಲ್ಲೇ ಮೇಯುವ ಮೀನಾದರೂ ಅದು ಹಿಡಿಯುವುದು ಹೆಚ್ಚಾಗಿ ನೀರುಚಿಗಟದಂತಹ, ನೀರಿನಲ್ಲಿ ತೇಲಾಡುವ ಸೂಕ್ಷ್ಮ ಪ್ರಾಣಿಗಳನ್ನು. ಆ ನೀರುಚಿಗಟಗಳೇ ಸಣ್ಣ ಪಾಚಿಯನ್ನು ತಿನ್ನುವುದರಿಂದ, ಪಾಚಿಗೆಂದು ಕಟ್ಲಾ ಬಿಟ್ಟರೆ ಫಲ ತಿರುಗುಮುರುಗಾಗಬಹುದು. ಬೆಳ್ಳಿ ಗೆಂಡೆಯ ಕುಲದ್ದೇ ಆದ ದೊಡ್ಡತಲೆ ಗೆಂಡೆ, ಅಂದರೆ ಬಿಗ್‌ಹೆಡ್, ಚೀನಾದಲ್ಲಿ ಬೆಳ್ಳಿ ಗೆಂಡೆಯ ಜೊತೆ ಬಳಕೆಯಲ್ಲಿದ್ದರೂ ನಮ್ಮ ದೇಶದಲ್ಲಿ ಅದರ ಸಾಕಣೆಗೆ ಅನುಮತಿಯಿಲ್ಲ. ಮಾರಾಟಗಾರರು ಕೊಟ್ಟರೂ ತೆಗೆದುಕೊಳ್ಳಬೇಡಿ.

ಬೆಳ್ಳಿ ಗೆಂಡೆ ಭಾರತಕ್ಕೆ 1959ರಲ್ಲಿ ಬಂತು. ಅದಕ್ಕೆ ನಿಂತ ನೀರಿನಲ್ಲಿ ಸಂತಾನವಾಗುವುದಿಲ್ಲ, ಮೊಟ್ಟೆ ತೇಲಿಕೊಂಡು ಹೋಗಲು ಉದ್ದನೆಯ ಹರಿವ ನದಿ ಬೇಕು. ಹಾಗಾಗಿ ಮುಚ್ಚಿದ ಕೆರೆಯಲ್ಲಿ ನೀವು ಬಿಟ್ಟಷ್ಟೇ ಇರುತ್ತವೆ, ಬೇಡವೆನಿಸಿದರೆ ಹಿಡಿದು ಮುಗಿಸಬಹುದು. ಇದು ದೊಡ್ಡ ಅನುಕೂಲ. ಆದರೆ ನದಿಗೆ ಅಥವಾ ದೊಡ್ಡ ಜಲಾಶಯಕ್ಕೆ ತಪ್ಪಿಸಿಕೊಂಡರೆ ಅದೇ ಮೀನು ಅಲ್ಲಿನ ಮೂಲ ಮೀನುಗಳ ಆಹಾರಕ್ಕೆ ಪೈಪೋಟಿ ನಡೆಸುತ್ತದೆ. ಹಿಮಾಚಲದ ಗೋವಿಂದಸಾಗರದಲ್ಲಿ 1971ರಲ್ಲಿ ಸಾಕಣೆ ಕೇಂದ್ರದಿಂದ ತಪ್ಪಿಸಿಕೊಂಡ ಬೆಳ್ಳಿ ಗೆಂಡೆ ಕಾಲಕ್ರಮದಲ್ಲಿ ಕಟ್ಲಾವನ್ನು ಹಿಂದಿಕ್ಕಿ ಅಲ್ಲಿನ ಪ್ರಧಾನ ಮೀನಾಯಿತು. ಆದ್ದರಿಂದ ಕೋಡಿ ಹರಿದು ನೇರ ಹಳ್ಳಕ್ಕೆ ಸೇರುವ ಕೆರೆಯಾಗಿದ್ದರೆ, ಕೋಡಿಗೆ ಮತ್ತು ತೂಬಿಗೆ ಗಟ್ಟಿ ಜಾಲರಿ ಹಾಕುವವರೆಗೆ ಈ ಕೆಲಸಕ್ಕೆ ಕೈ ಹಾಕಬಾರದು.

ಚೀನಾದ ವುಹಾನ್ ನಗರದ ದೊಂಗ್‌ಹು ಸರೋವರದ ಅನುಭವ ಇಲ್ಲಿ ಮುಖ್ಯ. ಅಲ್ಲಿ ವರ್ಷವರ್ಷವೂ ಬೇಸಿಗೆಯಲ್ಲಿ ಕಾಣಿಸುತ್ತಿದ್ದ ಮೈಕ್ರೋಸಿಸ್ಟಿಸ್ ಕೆನೆ 1985ರಿಂದ ಕಾಣಿಸಲಿಲ್ಲ. ಕಾರಣ ಹುಡುಕಲು ಸರೋವರದೊಳಗೇ ಆವರಣಗಳನ್ನು ಕಟ್ಟಿ ಪ್ರಯೋಗ ಮಾಡಿದಾಗ, ಮೀನಿಲ್ಲದ ಆವರಣದಲ್ಲಿ ಕೆನೆ ಮತ್ತೆ ಬಂತು. ಬೆಳ್ಳಿ ಗೆಂಡೆ ಮತ್ತು ಬಿಗ್‌ಹೆಡ್ ಬಿಟ್ಟಲ್ಲಿ ಹೋಯಿತು. ಘನ ಮೀಟರಿಗೆ 46ರಿಂದ 50 ಗ್ರಾಂ ಮೀನು ಬೇಕು ಎಂಬ ಅಂದಾಜು ಅಲ್ಲಿಂದ ಬಂದದ್ದು. ತಂಪು ನಾಡಿನ, ದೊಡ್ಡ ನೀರುಚಿಗಟಗಳಿರುವ ಸರೋವರಗಳಲ್ಲಿ ಇದೇ ಮೀನು ಉಪಕಾರಕ್ಕಿಂತ ಅಪಕಾರವನ್ನೇ ಮಾಡಿದ ಪ್ರಯೋಗಗಳೂ ಇವೆ. ನಮ್ಮ ಕೆರೆಗಳು ಬೆಚ್ಚಗಿನವು, ಪೋಷಕಾಂಶ ತುಂಬಿದವು, ದೊಡ್ಡ ನೀರುಚಿಗಟ ಕಡಿಮೆ ಇರುವಂಥವು. ಹೀಗಾಗಿ ಇಲ್ಲಿ ಪ್ರಯತ್ನಕ್ಕೆ ಅವಕಾಶವಿದೆ.

ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮೀನು ಬಿಟ್ಟ ಮೇಲೆ ಕೆನೆ ಹೋಗಬಹುದು, ಆದರೆ ನೀರು ಗಾಜಿನಂತೆ ತಿಳಿಯಾಗುವುದಿಲ್ಲ. ಸ್ಪಂಜಿನಿಂದ ತಪ್ಪಿಸಿಕೊಳ್ಳುವ ಸಣ್ಣ ಪಾಚಿ ಉಳಿದು, ತೆಳು ಹಸಿರು ಹಾಗೇ ಇರುತ್ತದೆ. ಆ ಪಾಚಿಯನ್ನು ಆಲಂ ಹಾಕಿ ತಂಗಿಸಿ ಸೋಸುವುದು ಘಟಕದ ಕೆಲಸ. ಸಭೆಯಲ್ಲಿ ಇದನ್ನು ಹೇಳದಿದ್ದರೆ ಆರು ತಿಂಗಳ ನಂತರ ಮೀನಿನ ಮೇಲೆ ಅಪವಾದ ಬರುವುದು ಖಂಡಿತ.

ಸಿಂಟೆಕ್ಸ್ ತೊಟ್ಟಿಯಲ್ಲಿ ಪರೀಕ್ಷೆ

ಇಡೀ ಕೆರೆಗೆ ಹಣ ಸುರಿಯುವ ಮೊದಲು ಒಡ್ಡಿನ ಮೇಲೆ ಸಾವಿರ ಲೀಟರಿನ ಎರಡು ಸಿಂಟೆಕ್ಸ್ ತೊಟ್ಟಿಗಳನ್ನು ಇಡಿ. ಸಾವಿರ ಲೀಟರ್ ಎಂದರೆ ಸರಿಯಾಗಿ ಒಂದು ಘನ ಮೀಟರ್, ಆದ್ದರಿಂದ ಲೆಕ್ಕ ಸುಲಭ. ಮೇಲ್ಭಾಗ ಕತ್ತರಿಸಿ ಬಾಯಿ ಅಗಲ ಮಾಡಿದ ಹಳೆಯ ತೊಟ್ಟಿಗಳಾದರೆ ಬೆಳಕು ಚೆನ್ನಾಗಿ ಬೀಳುತ್ತದೆ. ಎರಡಕ್ಕೂ ಒಂದೇ ದಿನ ಅದೇ ಕೆರೆಯ ಹಸಿರು ನೀರು ತುಂಬಿ, ಒಂದಕ್ಕೆ ತಲಾ 10 ಗ್ರಾಂ ತೂಗುವ ಐದು ಬೆಳ್ಳಿ ಗೆಂಡೆ ಮರಿಗಳನ್ನು ಬಿಡಿ, ಇನ್ನೊಂದನ್ನು ಹಾಗೇ ಬಿಡಿ. ಬೆಳ್ಳಿ ಗೆಂಡೆ ಹಾರುವ ಜಾತಿಯ ಮೀನು, ಬಲೆ ಹೊದಿಸದಿದ್ದರೆ ಬೆಳಗಾಗುವಷ್ಟರಲ್ಲಿ ನೆಲದ ಮೇಲೆ ಸಿಗುತ್ತದೆ. ನೆತ್ತಿಯ ಬಿಸಿಲು ಕಾಯದಂತೆ ಮೇಲೆ ಅರ್ಧ ಭಾಗಕ್ಕೆ ನೆರಳಿರಲಿ, ರಾತ್ರಿ ಗಾಳಿ ಊದುವ ಸಣ್ಣ ಪಂಪ್ ಎರಡೂ ತೊಟ್ಟಿಗೆ ಇರಲಿ. ದಿನವೂ ಒಂದೇ ಹೊತ್ತಿಗೆ ಒಂದೊಂದು ಬಾಟಲಿ ನೀರು ತೆಗೆದು ಮೇಲೆ ಹೇಳಿದ ಬಾಟಲಿ ಪರೀಕ್ಷೆ ಮಾಡಿ, ಉಂಗುರದ ದಪ್ಪವನ್ನು ಸ್ಕೇಲಿನಿಂದ ಅಳೆದು ಬರೆದಿಡಿ. ಹತ್ತು ಹನ್ನೆರಡು ದಿನದಲ್ಲಿ ಎರಡು ತೊಟ್ಟಿಗಳ ನಡುವೆ ವ್ಯತ್ಯಾಸವೇ ಕಾಣದಿದ್ದರೆ, ನಿಮ್ಮ ಕೆರೆಯ ಪಾಚಿ ಈ ಮೀನಿಗೆ ದಕ್ಕುವಂಥದ್ದಲ್ಲ ಎಂದು ಇಷ್ಟು ಕಡಿಮೆ ಖರ್ಚಿನಲ್ಲೇ ತಿಳಿದಂತಾಯಿತು. ವ್ಯತ್ಯಾಸ ಕಂಡರೂ ಹಿಗ್ಗಬೇಕಿಲ್ಲ: ತೊಟ್ಟಿಗೆ ತಳದ ಕೆಸರಿಲ್ಲ, ಗಾಳಿಯ ಅಲೆಯಿಲ್ಲ. ಈ ಮೀನು ಈ ಪಾಚಿಯನ್ನು ತಿನ್ನುತ್ತದೆಯೇ ಎಂಬ ಒಂದೇ ಪ್ರಶ್ನೆಗೆ ತೊಟ್ಟಿ ಉತ್ತರ ಕೊಡುತ್ತದೆ.

ಲೆಕ್ಕ

ಕೆರೆಯ ನೀರಿನ ಪ್ರಮಾಣವನ್ನು ದಾಖಲೆಯಿಂದ ನಕಲು ಮಾಡಬೇಡಿ, ಏಕೆಂದರೆ ಹೂಳು ತುಂಬಿದ ಕೆರೆಯ ದಾಖಲೆ ಹೂಳು ತುಂಬುವ ಮೊದಲಿನದು. ತೆಪ್ಪದಲ್ಲಿ ಹೋಗಿ, ಗುರುತು ಹಾಕಿದ ಹಗ್ಗಕ್ಕೆ ಕಲ್ಲು ಕಟ್ಟಿ ಇಪ್ಪತ್ತು ಕಡೆ ಇಳಿಬಿಟ್ಟು ಸರಾಸರಿ ಆಳ ತೆಗೆಯಿರಿ. ಉದಾಹರಣೆಗೆ ಐದು ಎಕರೆ ನೀರು, ಅಂದರೆ ಸುಮಾರು 20,000 ಚದರ ಮೀಟರ್, ಸರಾಸರಿ ಆಳ 3 ಮೀಟರ್ ಎಂದುಕೊಳ್ಳೋಣ. ನೀರು 60,000 ಘನ ಮೀಟರ್. ಘನ ಮೀಟರಿಗೆ 50 ಗ್ರಾಂನಂತೆ 3,000 ಕಿಲೋ ಮೀನು ಬೇಕು. ತಲಾ 10 ಗ್ರಾಂನ ಮರಿಗಳಲ್ಲಿ ಇದನ್ನು ಮುಟ್ಟಲು ಮೂರು ಲಕ್ಷ ಮರಿ ಬೇಕಾಗುತ್ತದೆ, ಅದು ಹುಚ್ಚುಲೆಕ್ಕ. ಹತ್ತು ಸಾವಿರ ಮರಿ ಬಿಟ್ಟು ಫೋಟೋ ತೆಗೆಸಿಕೊಂಡ ಕೆರೆ ಮುಂದಿನ ಏಪ್ರಿಲ್‌ನಲ್ಲಿ ಮತ್ತೆ ಹಸಿರಾಗುವುದರ ಕಾರಣವೂ ಇದೇ: ಸಂಖ್ಯೆ ಇತ್ತು, ತೂಕ ಇರಲಿಲ್ಲ.

ಹೀಗಾಗಿ ಮರಿಗಳನ್ನು ಮೊದಲು ಪಕ್ಕದ ಹೊಂಡದಲ್ಲಿ ಒಂದು ವರ್ಷ ಬೆಳೆಸಿ, ತಲಾ 100 ಗ್ರಾಂ ಆದ ಮೇಲೆ ಕೆರೆಗೆ ಬಿಡುವುದು ಬುದ್ಧಿವಂತಿಕೆ. ಮೇಲಿನ ಕೆರೆಗೆ ಅಂಥ 6,000 ಮೀನು ಸೆಪ್ಟೆಂಬರಿನಲ್ಲಿ ಬಿಟ್ಟರೆ ಆಗ ಇರುವುದು 600 ಕಿಲೋ, ಘನ ಮೀಟರಿಗೆ 10 ಗ್ರಾಂ ಮಾತ್ರ. ಆ ಹೊತ್ತಿಗೆ ನೀರು ಕದಡಿರುವುದರಿಂದ ಪಾಚಿಯೂ ಕಡಿಮೆ, ಅಷ್ಟು ಸಾಕು. ಐದರಲ್ಲಿ ಒಂದು ಸತ್ತು, ಉಳಿದವು ಶಿವರಾತ್ರಿಯ ಹೊತ್ತಿಗೆ ಅರ್ಧ ಕಿಲೋ ಆದವು ಎಂದು ಹಿಡಿದರೆ 2,400 ಕಿಲೋ. ಅಷ್ಟರಲ್ಲಿ ನೀರು 40,000 ಘನ ಮೀಟರಿಗೆ ಇಳಿದಿದ್ದರೆ ಘನ ಮೀಟರಿಗೆ 60 ಗ್ರಾಂ ಆಯಿತು. ಪಾಚಿ ಏಳುವ ಕಾಲಕ್ಕೆ ಸರಿಯಾಗಿ ಮೀನಿನ ತೂಕವೂ ಏರಿರುತ್ತದೆ. ನಮ್ಮ ಕೆರೆಗಳು ಬೇಸಿಗೆಗೆ ಇಳಿಯುವುದು ಇಲ್ಲಿಯವರೆಗೆ ನಮ್ಮ ಪರ. ಆಮೇಲೆ ಅದೇ ಮುಳುವಾಗುತ್ತದೆ. ಏಪ್ರಿಲ್‌ನಲ್ಲಿ ನೀರು 20,000 ಘನ ಮೀಟರಿಗೆ ಬಂದರೆ ಅದೇ ಮೀನಿನ ಸಾಂದ್ರತೆ 120 ಗ್ರಾಂ ದಾಟುತ್ತದೆ. ಬಿಸಿ ನೀರಿನಲ್ಲಿ ಆಮ್ಲಜನಕ ಮೊದಲೇ ಕಡಿಮೆ. ರಾತ್ರಿ ಪಾಚಿಯೂ ಅದನ್ನೇ ಬಳಸುತ್ತದೆ. ಬೆಳಗಿನ ಜಾವ ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆದು ಗುಟುಕರಿಸುವುದು ಕಂಡರೆ, ಎರಡು ದಿನದಲ್ಲಿ ಕುಡಿಯುವ ನೀರಿನ ಕೆರೆಯಲ್ಲಿ ಸತ್ತ ಮೀನು ತೇಲುವುದನ್ನು ನೋಡಬೇಕಾಗಬಹುದು. ಆದ್ದರಿಂದ ಶಿವರಾತ್ರಿಯ ನಂತರ ಹದಿನೈದು ದಿನಕ್ಕೊಮ್ಮೆ ಮೀನು ಹಿಡಿಯುತ್ತ, ಇಳಿಯುವ ನೀರಿಗೆ ತಕ್ಕಂತೆ ಸಾಂದ್ರತೆಯನ್ನು 50 ಗ್ರಾಂನ ಆಸುಪಾಸಿನಲ್ಲೇ ಇಡಬೇಕು.

ಈ ಲೆಕ್ಕವೇ ವಿಧಾನದ ಮಿತಿಯನ್ನೂ ಹೇಳುತ್ತದೆ. ಬೆಳಗಾವಿಗೆ ನೀರು ಕೊಡುವ, 51 ಟಿಎಂಸಿ ಹಿಡಿಯುವ ಹಿಡಕಲ್ ಜಲಾಶಯಕ್ಕೆ ಇದೇ ಪ್ರಮಾಣ ಹಿಡಿದರೆ 70 ಸಾವಿರ ಟನ್‌ಗೂ ಹೆಚ್ಚು ಮೀನು ಬೇಕು. ಇದು ಊರಕೆರೆಯ, ಬಹುಗ್ರಾಮ ಯೋಜನೆಯ ಸಂಗ್ರಹಣಾ ಹೊಂಡದ ಉಪಾಯ, ಅಣೆಕಟ್ಟಿನದ್ದಲ್ಲ.

ಬಿಡುವುದು, ಕಾಯುವುದು

ಮರಿಯ ಬಗ್ಗೆ ತಾಲೂಕಿನ ಮೀನುಗಾರಿಕೆ ಇಲಾಖೆಯನ್ನು ಕೇಳಿ. ವಿಜಯಪುರದ ಭೂತನಾಳದಲ್ಲಿ ಮೀನುಗಾರಿಕೆ ಸಂಶೋಧನೆ ಮತ್ತು ಮಾಹಿತಿ ಕೇಂದ್ರವೂ ಇದೆ. ಕೆರೆ ಯಾರದ್ದೋ ಅವರ ಮತ್ತು ನೀರು ಸರಬರಾಜು ನೋಡುವ ಎಂಜಿನಿಯರ ಒಪ್ಪಿಗೆ ಬರಹದಲ್ಲಿರಲಿ. ಮಿಶ್ರ ಮರಿ ಬೇಡ. ಬೆಳ್ಳಿ ಗೆಂಡೆಯ ಜೊತೆ ಸಾಮಾನ್ಯ ಗೆಂಡೆ ಬೆರೆತು ಬಂದರೆ ಅದು ತಳದ ಕೆಸರನ್ನು ಹಂದಿಯಂತೆ ಕೆದಕಿ, ಹೂಳಿನಲ್ಲಿ ಮಲಗಿದ್ದ, ಪಾಚಿಗೆ ಗೊಬ್ಬರವಾಗುವ ರಂಜಕವನ್ನು ನೀರಿಗೆ ಎಬ್ಬಿಸುತ್ತದೆ. ತಿಲಾಪಿಯಾ ಒಮ್ಮೆ ಹೊಕ್ಕರೆ ಮರಿ ಹಾಕುತ್ತಲೇ ಹೋಗುತ್ತದೆ. ಕೊರವ, ಬಾಳೆಮೀನಿನಂತಹ ಬೇಟೆಗಾರ ಮೀನುಗಳನ್ನು ಮೊದಲೇ ಎಳೆಬಲೆ ಹಾಕಿ ತೆಗೆಯಿರಿ, ವಿಷದ ಪುಡಿ ಹಾಕುವ ರೂಢಿ ಕುಡಿಯುವ ನೀರಿಗೆ ಸಲ್ಲದು. ಮೀನು ತಂದ ಚೀಲವನ್ನು ಬೆಳಗಿನ ತಂಪಿನಲ್ಲಿ ಅರ್ಧ ಗಂಟೆ ನೀರ ಮೇಲೆ ತೇಲಿಸಿ, ಸ್ವಲ್ಪಸ್ವಲ್ಪವೇ ಕೆರೆಯ ನೀರು ಬೆರೆಸಿ, ಮೀನು ತಾನೇ ಈಜಿ ಹೊರಬರಲು ಬಿಡಿ. ಬೆಳ್ಳಿ ಗೆಂಡೆ ನಾಜೂಕಿನ ಮೀನು, ಕೈಯಾಡಿಸಿದಷ್ಟೂ ಸಾಯುತ್ತದೆ.

ಮುಂದಿನದು ಅತಿ ಮುಖ್ಯ: ಆಹಾರ ಹಾಕಬೇಡಿ. ಮೀನು ಹಿಡಿಯುವ ಹಕ್ಕನ್ನು ಹರಾಜಿನಲ್ಲಿ ಪಡೆದ ಗುತ್ತಿಗೆದಾರ ಸಗಣಿ, ಕೋಳಿಗೊಬ್ಬರ, ಹಿಂಡಿ ಸುರಿದು ಬೇಗ ಬೆಳೆಸಲು ನೋಡುತ್ತಾನೆ, ಮತ್ತು ಮೀನಿನ ಇಳುವರಿಯ ದೃಷ್ಟಿಯಿಂದ ಅವನದು ಸರಿಯೇ. ಆದರೆ ಆ ಗೊಬ್ಬರವೇ ಪಾಚಿಯ ಆಹಾರ. ಕುಡಿಯುವ ನೀರಿನ ಕೆರೆಯನ್ನು ಇಳುವರಿಗೆಂದು ಗುತ್ತಿಗೆ ಕೊಡಬಾರದು. ಹಿಡಿಯುವ ಕೂಲಿಯನ್ನು ಮಾತ್ರ ಮೀನುಗಾರರ ಸಹಕಾರ ಸಂಘದವರಿಗೆ ಕೊಟ್ಟು, ಆಹಾರ ಹಾಕುವಂತಿಲ್ಲವೆಂದು ಕರಾರಿನಲ್ಲಿ ಬರೆಯಬೇಕು. ಹಾಗೆಯೇ ಒಡ್ಡಿನ ಬದಿಯಲ್ಲಿ ಎಮ್ಮೆ ತೊಳೆಯುವುದು, ಬಟ್ಟೆ ಒಗೆಯುವುದು, ಮುಧೋಳ, ಜಮಖಂಡಿ ಕಡೆಯಾದರೆ ಕಬ್ಬಿನ ಗದ್ದೆಯ ಬಸಿನೀರು ಕೆರೆ ಸೇರುವುದು ನಿಲ್ಲದಿದ್ದರೆ ಮೀನು ಎಷ್ಟು ತಿಂದರೂ ಪಾಚಿ ಮುಗಿಯದು.

ಇನ್ನೊಂದು ತಪ್ಪನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಒಂದು ಊರಿನಲ್ಲಿ ಮೀನು ಬಿಟ್ಟು ಎರಡು ತಿಂಗಳಾದರೂ ಹಸಿರು ಹೋಗಲಿಲ್ಲವೆಂದು ತಾಳ್ಮೆಗೆಟ್ಟು, ಯಾರನ್ನೂ ಕೇಳದೆ ಗೋಣಿಚೀಲದಲ್ಲಿ ಮೈಲುತುತ್ತ ಕಟ್ಟಿ ತೆಪ್ಪದ ಹಿಂದೆ ಎಳೆದರು. ಪಾಚಿ ಸತ್ತಿತು, ಅದರ ಜೊತೆಗೆ ಮೀನೂ ಸತ್ತಿತು. ಮೂರನೆಯ ದಿನ ಕೆರೆಯ ನೀರೆತ್ತುವ ಜಾಕ್‌ವೆಲ್ ಬಾವಿಯ ಬಳಿ ನಿಲ್ಲಲಾಗದಷ್ಟು ನಾತ. ಮೈಲುತುತ್ತ ಪಾಚಿಯ ಕೋಶವನ್ನು ಒಡೆಯುತ್ತದೆ, ಆಗ ಒಳಗಿದ್ದ ವಿಷವೆಲ್ಲ ಒಮ್ಮೆಲೇ ನೀರಿಗೆ ಬರುತ್ತದೆ. ಸೋಸುವ ಮೊದಲೇ ಹೆಚ್ಚು ಕ್ಲೋರಿನ್ ಹಾಕುವುದರ ಅಪಾಯವೂ ಇದೇ. ಇಡೀ ಕೋಶವನ್ನು ಆಲಂನಿಂದ ತಂಗಿಸಿ ತೆಗೆದು, ಆಮೇಲೆ ಕ್ಲೋರಿನ್ ಹಾಕುವುದು ಸರಿಯಾದ ಕ್ರಮ. ನಳದ ಕೊನೆಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕೆಂಬ ನಿಯಮ, ಮೀನು ಬಿಟ್ಟ ಕಾರಣಕ್ಕೆ ಎಳ್ಳಷ್ಟೂ ಸಡಿಲವಾಗುವುದಿಲ್ಲ.

ಅಳತೆ ಮತ್ತು ಹಿಡಿಯುವಿಕೆ

20 ಸೆಂಟಿಮೀಟರ್ ಅಗಲದ ತಗಡಿನ ಬಿಲ್ಲೆಯನ್ನು ನಾಲ್ಕು ಭಾಗ ಮಾಡಿ ಕಪ್ಪು ಬಿಳಿ ಬಣ್ಣ ಬಳಿದು, ನಡುವೆ ಹಗ್ಗ ಕಟ್ಟಿ ಕೆಳಗೆ ತೂಕ ಹಾಕಿದರೆ ಸೆಕ್ಕಿ ಬಿಲ್ಲೆ ಸಿದ್ಧ. ವಾರಕ್ಕೊಮ್ಮೆ ನಡು ಹಗಲಿನಲ್ಲಿ ತೆಪ್ಪದ ನೆರಳಿನ ಬದಿಯಿಂದ ಇಳಿಬಿಟ್ಟು, ಅದು ಕಾಣದಾಗುವ ಆಳವನ್ನು ಬರೆದಿಡಿ. ಮಳೆಗಾಲದಲ್ಲಿ ಈ ಸಂಖ್ಯೆ ಮಣ್ಣನ್ನು ಹೇಳುತ್ತದೆ, ಪಾಚಿಯನ್ನಲ್ಲ. ಡಿಸೆಂಬರಿನಿಂದ ಆಚೆಗಿನದಕ್ಕೆ ಮಾತ್ರ ಬೆಲೆ ಕೊಡಿ. ತಿಂಗಳಿಗೊಮ್ಮೆ ಮೂವತ್ತು ಮೀನು ಹಿಡಿದು ತೂಗಿ ಸರಾಸರಿ ತೆಗೆದು, ಸತ್ತದ್ದು ಮತ್ತು ಹಿಡಿದದ್ದನ್ನು ಕಳೆದು ಉಳಿದ ಸಂಖ್ಯೆಯಿಂದ ಗುಣಿಸಿ, ಆ ದಿನದ ನೀರಿನ ಪ್ರಮಾಣದಿಂದ ಭಾಗಿಸಿ. ಆ ಒಂದು ಅಂಕಿ ಪುಸ್ತಕದಲ್ಲಿ ಇರದಿದ್ದರೆ ನೀವು ಪಾಚಿ ನಿಯಂತ್ರಣ ಮಾಡುತ್ತಿಲ್ಲ, ಮೀನು ಸಾಕುತ್ತಿದ್ದೀರಿ.

ಹಿಡಿಯುವುದನ್ನು ಲಾಭದ ಕೆಲಸವೆಂದು ಮಾತ್ರ ನೋಡಬಾರದು. ಪಾಚಿ ತಿಂದ ಮೀನು ಅದರ ಬಹುಭಾಗ ರಂಜಕವನ್ನು ಮಲದ ಮೂಲಕ ನೀರಿಗೇ ಮರಳಿಸುತ್ತದೆ. ಮೈಯಲ್ಲಿ ಉಳಿದದ್ದು ಮಾತ್ರ ಕೆರೆಯಿಂದ ನಿಜವಾಗಿ ಹೊರಹೋಗುವಂಥದ್ದು, ಅದೂ ನೀವು ಹಿಡಿದಾಗ. ಒಂದು ಟನ್ ಮೀನು ಹೊರತೆಗೆದರೆ ನಾಲ್ಕೈದು ಕಿಲೋ ರಂಜಕ ಹೋಗುತ್ತದೆ. ಬೆಳ್ಳಿ ಗೆಂಡೆಗೆ ನಮ್ಮ ಸಂತೆಗಳಲ್ಲಿ ಕಟ್ಲಾದಷ್ಟು ಬೆಲೆ ಸಿಗದು, ಬೇಗ ಮೆತ್ತಗಾಗುತ್ತದೆ ಎಂಬುದೂ ನಿಜ. ಆದ್ದರಿಂದ ನಸುಕಿನಲ್ಲಿ ಹಿಡಿದು ಮಂಜುಗಡ್ಡೆ ಹಾಕಿ ಅದೇ ದಿನ ಮಾರಬೇಕು. ಕೆನೆ ಕಟ್ಟಿದ ವಾರಗಳಲ್ಲಿ ಹಿಡಿದ ಮೀನನ್ನು ತಿನ್ನಲು ಮಾರಬೇಡಿ, ಏಕೆಂದರೆ ಪಾಚಿಯ ವಿಷ ಮೀನಿನ ಕರುಳಿನಲ್ಲಿ, ಯಕೃತ್ತಿನಲ್ಲಿ ಸಂಗ್ರಹವಾಗಿರುತ್ತದೆ. ಉಳಿದ ಕಾಲದಲ್ಲೂ ಒಳಭಾಗವನ್ನು ಪೂರ್ತಿ ತೆಗೆದು ತೊಳೆಯುವಂತೆ ಕೊಳ್ಳುವವರಿಗೆ ಹೇಳಿ. ಹಿಡಿದವರು ರೂಢಿಯಂತೆ ಒಡ್ಡಿನ ಮೇಲೆಯೇ ಮೀನು ಸೀಳಿ ಕರುಳನ್ನು ಕೆರೆಗೆ ಎಸೆಯುತ್ತಾರೆ. ಅದನ್ನು ತಡೆಯಲು ಹಿಡಿಯುವ ದಿನ ಒಬ್ಬರು ನಿಂತು, ಎರಡು ಬಕೆಟ್ ಇಟ್ಟುಕೊಂಡು, ತುಂಬಿದ್ದನ್ನು ಒಡ್ಡಿನ ಆಚೆ ಬದಿಯ ಹೊಲದಲ್ಲಿ ಮೊಣಕಾಲುದ್ದ ಗುಂಡಿ ತೋಡಿ ಹೂಳಿಸಬೇಕು.